ರೇಸ್ ವಿಮಾನಕ್ಕೆ ಗಾಲಿ ಹಾಕಿದ್ದು ಸ್ಪಿಟ್‌ಫೈರ್ ಅಲ್ಲ

ಪ್ರಶ್ನೆ: 1931ರಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳ ರೇಸ್ ಆದ ಷ್ನೈಡರ್ ಟ್ರೋಫಿ ಗೆದ್ದ ಎಸ್.6ಬಿ ವಿಮಾನಕ್ಕೇ ಗಾಲಿ, ಬಂದೂಕು ಜೋಡಿಸಿ ಸೂಪರ್‌ಮರೀನ್ ಕಂಪನಿಯ ವಿನ್ಯಾಸಕ ಆರ್.ಜೆ. ಮಿಚೆಲ್ ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಮಾಡಿದರಂತೆ. ಹೌದಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ವಿಡಿಯೋ ಮಾಡುವವರು ಒಬ್ಬರದು ನೋಡಿ ಇನ್ನೊಬ್ಬರು ಇದನ್ನೇ ಹೇಳುತ್ತಾರೆ. ನಡುವೆ ಇದ್ದ ಸೂಪರ್‌ಮರೀನ್ ಟೈಪ್ 224 ಎಂಬ ಫೈಟರ್ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನು ಮಾಡಿದ್ದೂ ಮಿಚೆಲ್ ಅವರೇ. ಅದು ಸೋತಿತು.

ಬ್ರಿಟನ್ನಿನ ವಾಯು ಸಚಿವಾಲಯ ಎಫ್.7/30 ಎಂಬ ಬೇಡಿಕೆ ಪಟ್ಟಿ ಕೊಟ್ಟಿತ್ತು. ನಾಲ್ಕು ಮಷಿನ್ ಗನ್ ಇರಬೇಕು, ರಾತ್ರಿಯೂ ಹಾರಬೇಕು, ನಿಧಾನಕ್ಕೆ ಇಳಿಯಬೇಕು. ನಿಧಾನಕ್ಕೆ ಇಳಿಯಬೇಕೆಂದರೆ ರೆಕ್ಕೆ ದೊಡ್ಡದಾಗಬೇಕು. ಹಾಗಾಗಿ 224ರ ರೆಕ್ಕೆ ಸುಮಾರು 14 ಮೀಟರ್ ಉದ್ದ ಆಯಿತು, ದಪ್ಪವೂ ಆಯಿತು. ಗಾಲಿ ಮಡಚುವಂತಿರಲಿಲ್ಲ. ಅದಕ್ಕೆ ಪ್ಯಾಂಟ್ ತೊಡಿಸಿದ ಹಾಗೆ ಕವಚ ಹಾಕಿದ್ದರು.

ಆದರೆ ನಿಜವಾದ ತಲೆನೋವು ರೋಲ್ಸ್ ರಾಯ್ಸ್ ಗೋಸ್‌ಹಾಕ್ ಎಂಜಿನ್‌ನ ಕೂಲಿಂಗ್. ಇದಕ್ಕೆ ಮಾಮೂಲಿ ರೇಡಿಯೇಟರ್ ಇಲ್ಲ. ಎಂಜಿನ್ ಒಳಗೆ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಹೊರಗೆ ಬಂದು ಒತ್ತಡ ಇಳಿದ ಕೂಡಲೇ ಆವಿಯಾಗುತ್ತದೆ. ಆ ಆವಿ ರೆಕ್ಕೆಯ ಮುಂಭಾಗದಲ್ಲಿ ತಣ್ಣಗಾಗಿ, ನೀರಾಗಿ, ಗಾಲಿಯ ಕವಚದೊಳಗಿನ ತೊಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಪಂಪ್ ಅದನ್ನು ಮೇಲೆತ್ತಬೇಕು. ಘಾಟಿ ಹತ್ತಿ ಬಂದ ಕಾರಿನ ರೇಡಿಯೇಟರ್ ಮುಚ್ಚಳ ತೆಗೆದರೆ ಭುಸ್ ಎಂದು ಎರಚುತ್ತದೆ ನೋಡಿ, ಅದೇ ಸಂಗತಿ. (ದಯವಿಟ್ಟು ತೆಗೆಯಬೇಡಿ. ನನ್ನ ಎಡಗೈ ಮೇಲೆ ಆ ಕಲೆ ಇನ್ನೂ ಇದೆ.)

ತೊಟ್ಟಿಯ ನೀರು ಇನ್ನೇನು ಕುದಿಯುವಷ್ಟು ಬಿಸಿ. ಪಂಪ್ ಎಳೆದಾಗ ಅದರ ಬಾಯಲ್ಲಿ ಒತ್ತಡ ಸ್ವಲ್ಪ ಇಳಿಯುತ್ತದೆ. ಅಷ್ಟೇ ಸಾಕು, ನೀರು ಅಲ್ಲೇ ಆವಿಯಾಗಿ ಪಂಪ್ ಖಾಲಿ ತಿರುಗುತ್ತದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. 15,000 ಅಡಿಯಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕಾಟ ಇನ್ನೂ ಜಾಸ್ತಿ. ವಿಮಾನ ಏರುತ್ತಿರುವಾಗಲೇ ಪೈಲಟ್ ಮುಂದೆ ಕೆಂಪು ದೀಪ. ಏರುವುದು ಬಿಟ್ಟು, ನೇರ ಹಾರಿ, ತಣಿಯಲು ಕಾಯಬೇಕು. ಶತ್ರು ಕಾಯುತ್ತಾನಾ?

1934ರ ಫೆಬ್ರವರಿ 19ರಂದು ಟೆಸ್ಟ್ ಪೈಲಟ್ ಮಟ್ ಸಮ್ಮರ್ಸ್ ಇದನ್ನು ಮೊದಲು ಹಾರಿಸಿದರು. ವೇಗ ಗಂಟೆಗೆ 228 ಮೈಲಿ ಮಾತ್ರ. ಕೊನೆಗೆ ಆಯ್ಕೆಯಾದದ್ದು ಜೋಡಿ ರೆಕ್ಕೆಯ ಗ್ಲಾಡಿಯೇಟರ್.

ಮಿಚೆಲ್ ಅದಕ್ಕೇ ತೇಪೆ ಹಾಕುತ್ತಾ ಕೂರಲಿಲ್ಲ. ನನಗೆ ಅವರ ಮೇಲೆ ಗೌರವ ಇರುವುದು ಇದಕ್ಕೇ. ತೆಳು ರೆಕ್ಕೆ, ಮಡಚುವ ಗಾಲಿ, ಮುಂದೆ ಮರ್ಲಿನ್ ಎಂದು ಹೆಸರಾದ ಎಂಜಿನ್, ಹೀಗೆ ಹೊಸದಾಗಿ ಬರೆದರು. ಅದು ಟೈಪ್ 300. 1936ರ ಮಾರ್ಚ್ 5ರಂದು ಈಸ್ಟ್‌ಲೀಯಲ್ಲಿ ಹಾರಿದ ಆ ವಿಮಾನವೇ ಸ್ಪಿಟ್‌ಫೈರ್. ರೇಸ್ ವಿಮಾನಗಳಿಂದ ಅನುಭವ ಸಿಕ್ಕಿತ್ತು, ನಿಜ. ಆದರೆ ಆವಿಯ ಕೂಲಿಂಗ್ ಬೇಡ, ದಪ್ಪ ರೆಕ್ಕೆ ಬೇಡ ಎಂದು ಕಲಿಸಿದ್ದು 224.

ಪ್ರಶ್ನೆ: 224ರ ಬಾಗಿದ ರೆಕ್ಕೆ ಜರ್ಮನಿಯ ಬಾಂಬರ್ ಸ್ಟುಕಾ ನೋಡಿ ಕಾಪಿ ಹೊಡೆದದ್ದಲ್ವಾ?

ಸ್ಟುಕಾ ಮೊದಲು ಹಾರಿದ್ದು 1935ರಲ್ಲಿ. ತಾರೀಖು ನೋಡಿ ಪ್ರಶ್ನೆ ಕಳಿಸಿ.

ಪ್ರಶ್ನೆ: ಸ್ಪಿಟ್‌ಫೈರ್ ಎಂಬ ಹೆಸರು ಮೊದಲು 224ಕ್ಕೇ ಇಡಬೇಕೆಂದಿದ್ದರಾ?

ಹೌದು.

ಪ್ರಶ್ನೆ: ನಮ್ಮ ಮೈಸೂರಿನ ಹೆಸರಿನ ಸ್ಕ್ವಾಡ್ರನ್ 224 ಹಾರಿಸಿತ್ತಾ?

ಇಲ್ಲ. 224 ತಯಾರಾದದ್ದೇ ಒಂದು. ಬ್ರಿಟಿಷ್ ವಾಯುಪಡೆಯ, ಗಂಡಭೇರುಂಡ ಲಾಂಛನದ 129ನೇ ಮೈಸೂರು ಸ್ಕ್ವಾಡ್ರನ್ ಶುರುವಾದದ್ದು 1941ರಲ್ಲಿ, ಅದು ಮೊದಲು ಹಾರಿಸಿದ್ದು ಸ್ಪಿಟ್‌ಫೈರ್. ಅಷ್ಟರಲ್ಲಾಗಲೇ 224 ಇಂಗ್ಲೆಂಡಿನ ಆರ್ಫರ್ಡ್ ನೆಸ್‌ನಲ್ಲಿ ಗುಂಡು ಹೊಡೆದು ನೋಡುವ ಗುರಿಯಾಗಿ ಮುಗಿದುಹೋಗಿತ್ತು.