ಮೊದಲ ಟಗ್ ಮಾಡೆಲ್‌ಗೆ ರೆವೆಲ್ ಒಳ್ಳೆಯದಾ, ಬಿಲ್ಲಿಂಗ್ ಒಳ್ಳೆಯದಾ?

ನಿಮ್ಮ ಪ್ರಶ್ನೆ: ಊರು ಉಪ್ಪಳ, ಒಂದೆರಡು ವಿಮಾನದ ಪ್ಲಾಸ್ಟಿಕ್ ಕಿಟ್ ಮಾಡಿ ಅಭ್ಯಾಸವಿದೆ, ಈಗ ಟಗ್ ಬೋಟ್, ಅಂದರೆ ದೊಡ್ಡ ಹಡಗನ್ನು ಎಳೆದು ನೂಕುವ ಪುಟ್ಟ ಬೋಟಿನ ಮಾಡೆಲ್ ಮಾಡುವ ಆಸೆ. ರೆವೆಲ್ ಕಂಪನಿಯ ಪ್ಲಾಸ್ಟಿಕ್ ಹಾರ್ಬರ್ ಟಗ್, ಬಿಲ್ಲಿಂಗ್ ಬೋಟ್ಸ್ ಕಂಪನಿಯ ಹೋಗಾ, ಪೂರ್ತಿ ಮರದ ಕಿಟ್ ಮೂರರಲ್ಲಿ ಯಾವುದು? ನಾನು ಕುಂಬಳೆಯವ, ನಿಮ್ಮದೇ ಮಳೆ, ನಿಮ್ಮದೇ ಉಪ್ಪುಗಾಳಿ. ನನ್ನ ಓಟು ಹೋಗಾಕ್ಕೆ.

ಮೊದಲು ಅಳತೆ ನೋಡಿ. 30 ಮೀಟರ್ ಉದ್ದದ ಟಗ್ 1:200ರ ಸ್ಕೇಲಿನಲ್ಲಿ, ಅಂದರೆ ಅಸಲಿಯ ಇನ್ನೂರರಲ್ಲಿ ಒಂದು ಪಾಲು ಮಾಡಿದರೆ, 15 ಸೆಂಟಿಮೀಟರ್ ಆಗುತ್ತದೆ, 1:108ರಲ್ಲಿ ಸುಮಾರು 28, 1:50ರಲ್ಲಿ 60. ಟಗ್‌ನ ಚಂದ ಇರುವುದು ಡೆಕ್ಕಿನ ಮೇಲೆ: ಹಗ್ಗ ಕಟ್ಟುವ ಗಿಡ್ಡ ಕಂಬ (ಬೊಲ್ಲಾರ್ಡ್), ಹಗ್ಗ ಸುತ್ತುವ ಯಂತ್ರ (ವಿಂಚ್), ಎಳೆಯುವ ಹುಕ್ಕು, ಹಗ್ಗದ ಸುರುಳಿ, ತಾಗಿದರೆ ಪೆಟ್ಟಾಗದಂತೆ ಸುತ್ತಲೂ ಇರುವ ಫೆಂಡರ್. ಸಣ್ಣ ಸ್ಕೇಲಿನಲ್ಲಿ ಅದೆಲ್ಲ ಬರೀ ಸಣ್ಣ ಉಬ್ಬು.

ರೆವೆಲ್‌ನದ್ದು 1:108. ಅಗ್ಗ, ಬೇಗ ಮುಗಿಯುತ್ತದೆ. ಆದರೆ ಅಚ್ಚು 1950ರ ದಶಕದ್ದು ಮಾರಾಯ್ರೇ. ಅಂಚಿನ ಹೆಚ್ಚುವರಿ ಪ್ಲಾಸ್ಟಿಕ್ ಕೆರೆಯುತ್ತಾ ಕೂರಬೇಕು. ರೇಲಿಂಗ್ ವಿಷಯ ಲೆಕ್ಕ ಹಾಕಿ: ಈ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಕಂಬಿ ಎಂದರೆ ನಿಜವಾದ ಬೋಟಿನಲ್ಲಿ 5 ಸೆಂಟಿಮೀಟರ್‌ಗೂ ಜಾಸ್ತಿ. ಬಣ್ಣ ಹಚ್ಚುವುದನ್ನು ಕಲಿಯಲಿಕ್ಕೆ ಧಾರಾಳ ಸಾಕು.

ಹೋಗಾ 1:50. ಇದರ ಒಡಲು ಎಬಿಎಸ್ ಪ್ಲಾಸ್ಟಿಕ್, ಡೆಕ್ ಮತ್ತು ಅದರ ಮೇಲಿನ ಕೋಣೆಗಳ ಭಾಗ ಮರ. ನಮ್ಮ ಕಡೆಗೆ ಇದೇ ಸರಿ. ಪೂರ್ತಿ ಮರದ್ದು, ಉದಾಹರಣೆಗೆ ಓಕ್ರೆ ಕಂಪನಿಯ 1:30ರ ಯುಲಿಸಿಸ್, ನೋಡಲು ಭಾರೀ ಚಂದ. ಆದರೆ ಒಂದೊಂದೇ ಪಟ್ಟಿ ಬಾಗಿಸಿ ಅಂಟಿಸಬೇಕು, ಆಟಿ ತಿಂಗಳ ಮಳೆಯ ತೇವಕ್ಕೆ ಅದು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಗೆದ್ದಲಿನ ಕತೆ ಬೇರೆ.

ಹೋಗಾದಲ್ಲಿ ಅಂಟಿನ ವಿಷಯ ಜಾಗ್ರತೆ. ಮರಕ್ಕೆ ಮರ ಅಂಟಿಸಲು ಫೆವಿಕಾಲ್ ಸಾಕು, ಎಬಿಎಸ್‌ಗೆ ಅದು ಹಿಡಿಯುವುದೇ ಇಲ್ಲ. ಡೆಕ್ ಕೂರುವ ಅಂಚನ್ನು ಒಳಗಿನಿಂದ ಮರಳು ಕಾಗದದಲ್ಲಿ ಒರಟು ಮಾಡಿ, ಎರಡು ಟ್ಯೂಬಿನದನ್ನು ಬೆರೆಸುವ ಎಪಾಕ್ಸಿ ಅಂಟು ಹಾಕಿ. ಕಿಟಕಿಯ ಪಾರದರ್ಶಕ ತುಂಡುಗಳ ಹತ್ತಿರ ಫೆವಿಕ್ವಿಕ್ ತರಲೇಬೇಡಿ. ತೇವದ ಗಾಳಿಯಲ್ಲಿ ಅದರ ಆವಿ ಬಿಳಿ ಮಂಜಿನ ಹಾಗೆ ಕೂತುಬಿಡುತ್ತದೆ, ಮತ್ತೆ ಉಜ್ಜಿದರೂ ಹೋಗುವುದು ಕಷ್ಟ. ಸ್ಪ್ರೇ ಬಣ್ಣವೂ ಮಳೆಗಾಲದಲ್ಲಿ ಮಂಕಾಗುತ್ತದೆ. ಒಣ ಹವೆ ಇರುವಾಗಲೇ ಆ ಕೆಲಸ ಮುಗಿಸಿ.

ಹೋಗಾಕ್ಕೆ ಇನ್ನೊಂದು ಅನುಕೂಲ, ಅದರ ಅಸಲಿ ಬೋಟ್ ಈಗಲೂ ಇದೆ. 1941ರ ಡಿಸೆಂಬರ್ 7ರಂದು ಜಪಾನಿನ ದಾಳಿಯಾದಾಗ ಪರ್ಲ್ ಹಾರ್ಬರಿನಲ್ಲಿ ಬೆಂಕಿ ಆರಿಸಿದ, ನೆವಾಡಾ ಯುದ್ಧನೌಕೆಯನ್ನು ದಡಕ್ಕೆ ನೂಕಲು ಕೈಜೋಡಿಸಿದ ಟಗ್ ಇದು. 2015ರಲ್ಲಿ ಅಮೆರಿಕದ ಅರ್ಕಾನ್ಸಾದ ಮ್ಯೂಸಿಯಮ್ಮಿಗೆ ಬಂತು. ಫೋಟೋ ಎಷ್ಟು ಬೇಕಾದರೂ ಸಿಗುತ್ತದೆ. ತುಕ್ಕು ಹೇಗೆ ಇಳಿಯುತ್ತದೆ, ಫೆಂಡರ್ ಎಲ್ಲಿ ಸವೆಯುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಪಣಂಬೂರಿನ ಬಂದರು ಹತ್ತಿರವೇ ಅಲ್ವಾ? ಅಲ್ಲಿಯ ಟಗ್‌ಗಳು ಹೊಸ ಕಾಲದವು, ಆದರೆ ಮೈಮೇಲಿನ ಕೊಳೆ ಅದೇ. ಮೊದಲ ಸಲಕ್ಕೆ ಟಗ್ ಆರಿಸಿದ್ದು ಒಳ್ಳೆಯದಾಯಿತು ಅನ್ನುವುದೂ ಇದಕ್ಕೇ. ಅಲ್ಲಿ ಇಲ್ಲಿ ಬಣ್ಣ ಕೆಟ್ಟರೆ ಅದರ ಮೇಲೇ ತುಕ್ಕು ಬಳಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ.

ಮೋಟಾರು, ರಿಮೋಟ್ ಹಾಕಿ ಓಡಿಸುವ ಮನಸ್ಸಿದ್ದರೂ ಎಬಿಎಸ್ ಒಡಲೇ ಲಾಯಕ್ಕು. ನೀರು ಒಳಗಿಳಿಯುವ ತಲೆಬಿಸಿ ಕಡಿಮೆ, ಬ್ಯಾಟರಿಯ ಭಾರವನ್ನು ಟಗ್ ಸುಲಭವಾಗಿ ಹೊರುತ್ತದೆ. ತೋಟದ ಕೆರೆಯಲ್ಲಿ ಬಿಡಿ, ಅಳಿವೆಯ ಹತ್ತಿರ ಬೇಡ, ಸೆಳೆತಕ್ಕೆ ಹೋದರೆ ಹೋಯಿತು.

ಕೊಳ್ಳುವ ಮುಂಚೆ ಡಬ್ಬದಲ್ಲಿ ಫಿಟ್ಟಿಂಗ್ಸ್, ಅಂದರೆ ಡೆಕ್ಕಿನ ಮೇಲೆ ಕೂರಿಸುವ ಸಣ್ಣ ಬಿಡಿಭಾಗಗಳು, ಇದೆಯೋ ಇಲ್ಲವೋ ಕೇಳಿ. ಬಿಲ್ಲಿಂಗ್‌ನ ಹಳೆಯ ಸ್ಟಾಕಿನಲ್ಲಿ ಅದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿ. ಆ ಲೆಕ್ಕ ಜೇಬಿಗೆ ಭಾರ ಅನ್ನಿಸಿದರೆ ಮಾತ್ರ ರೆವೆಲ್ ತೆಗೆದುಕೊಳ್ಳಿ.