ಟಕರ್ ಕ್ರಾಫ್ಟ್‌ನನ್ನು ಕೀಪರ್ ಆಗಿ ಉಳಿಸಿಕೊಳ್ಳಬಹುದೇ?

ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ (ಅಮೆರಿಕದ ಎನ್‌ಎಫ್‌ಎಲ್ ಆಟಗಾರರ ನಿಜವಾದ ಸಾಧನೆಗೆ ಪಾಯಿಂಟ್ ಸಿಗುವ ಆಟ) ಗ್ರೀನ್ ಬೇ ಪ್ಯಾಕರ್ಸ್‌ನ ಟೈಟ್ ಎಂಡ್ (ಚೆಂಡು ಹಿಡಿಯುವ, ಎದುರಾಳಿಯನ್ನು ತಡೆಯುವ ಆಟಗಾರ) ಕ್ರಾಫ್ಟ್‌ನನ್ನು ಎಂಟನೇ ಸುತ್ತಿನ ಬೆಲೆಗೆ, ಅಂದರೆ ಆ ಸುತ್ತಿನ ಆಯ್ಕೆ ಬಿಟ್ಟುಕೊಟ್ಟು, ಮುಂದಿನ ಸೀಸನ್‌ಗೆ ಕೀಪರ್ ಆಗಿ ಉಳಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಉಳಿಸಿಕೊಳ್ಳಿ, ಆದರೆ ಸೀಸನ್ ಶುರುವಾಗುವ ಸೆಪ್ಟೆಂಬರ್‌ನ ಪಾಯಿಂಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಬ್ಬ ಟೈಟ್ ಎಂಡ್ ಟಿ.ಜೆ. ಹಾಕೆನ್ಸನ್‌ನನ್ನೇ ನೋಡಿ. 2023ರ ಡಿಸೆಂಬರ್ 24ರಂದು ಎಸಿಎಲ್ (ಮೊಣಕಾಲಿನ ಅಸ್ಥಿರಜ್ಜು) ಹರಿಯಿತು, ಮೈದಾನಕ್ಕೆ ಮರಳಿದ್ದು 2024ರ ನವೆಂಬರ್‌ನಲ್ಲಿ. ಆ ಸೀಸನ್‌ನಲ್ಲಿ 10 ಪಂದ್ಯ, 41 ಕ್ಯಾಚ್, 455 ಯಾರ್ಡ್, ಟಚ್‌ಡೌನ್ ಒಂದೂ ಇಲ್ಲ. ಪಿಪಿಆರ್‌ನಲ್ಲಿ (ಪ್ರತಿ ಕ್ಯಾಚ್‌ಗೂ ಒಂದು ಪಾಯಿಂಟ್ ಕೊಡುವ ಲೆಕ್ಕ) ಪಂದ್ಯಕ್ಕೆ ಸುಮಾರು 8.7 ಪಾಯಿಂಟ್, ಹಿಂದಿನ ವರ್ಷ 14.7 ಇತ್ತು. ಅಂದರೆ ಆಡಲು ಅನುಮತಿ ಸಿಕ್ಕಿದ ಮಾತ್ರಕ್ಕೆ ಹಳೆಯ ಆಟ ಬರುವುದಿಲ್ಲ.

ಕ್ರಾಫ್ಟ್‌ನ ಎಸಿಎಲ್ ಹರಿದದ್ದು 2025ರ ನವೆಂಬರ್ ಆರಂಭದಲ್ಲಿ, ಹಾಗಾಗಿ 2026ರ ಸೀಸನ್ ಶುರುವಾಗುವಾಗ ಹತ್ತು ತಿಂಗಳು. ಅವಧಿ ಸಾಲಬಹುದು. ನನಗಿರುವ ಆತಂಕ ಬೇರೆ: ಅವನ ಬಂಡವಾಳವೇ ಚೆಂಡು ಹಿಡಿದ ಮೇಲಿನ ಓಟ. ಒಂದು ಕಾಲೂರಿ ತಟ್ಟನೆ ದಿಕ್ಕು ಬದಲಿಸುವ ಆ ಶಕ್ತಿಯೇ ಕೊನೆಗೆ ಮರಳುವುದು.

ಆಗಸ್ಟ್‌ನಲ್ಲಿ ಎರಡೂ ಕಡೆ ಹನ್ನೊಂದು ಜನರ ಪೂರ್ಣ ಅಭ್ಯಾಸಕ್ಕೆ ಇಳಿದನೇ ಎಂಬುದನ್ನಷ್ಟೇ ಗಮನಿಸಿ. ಪಿಯುಪಿ (ಗಾಯದಿಂದ ಇನ್ನೂ ಆಡಲಾಗದವರ) ಪಟ್ಟಿಯಲ್ಲೇ ಸೀಸನ್ ಆರಂಭಿಸಿದರೆ ಕನಿಷ್ಠ 4 ಪಂದ್ಯ ಹೋದಂತೆ. ನಿಮ್ಮ ಲೀಗ್‌ನಲ್ಲಿ ಪಿಯುಪಿ ಪಟ್ಟಿಯಲ್ಲಿರುವವನನ್ನು ಐಆರ್ ಸ್ಥಾನದಲ್ಲಿ (ಗಾಯಾಳುಗಳಿಗೆ ಮೀಸಲಾದ ಜಾಗ) ಇಡಬಹುದೇ ಎಂದು ಈಗಲೇ ವಿಚಾರಿಸಿ. ಹೇಗಿದ್ದರೂ ಕೊನೆಯ ಸುತ್ತುಗಳಲ್ಲಿ ಇನ್ನೊಬ್ಬ ಟೈಟ್ ಎಂಡ್ ತೆಗೆದುಕೊಳ್ಳಿ. ಕ್ರಾಫ್ಟ್ ಮರಳಿದ ಮೇಲೆ ಸ್ನ್ಯಾಪ್ ಸಂಖ್ಯೆ (ಮೈದಾನದಲ್ಲಿದ್ದ ಆಟಗಳ ಲೆಕ್ಕ) ನಂಬಬೇಡಿ, ಎದುರಾಳಿಯನ್ನು ತಡೆಯುವ ಬ್ಲಾಕಿಂಗ್‌ಗೆ ನಿಂತರೂ ಅದು ಏರುತ್ತದೆ. ತಂಡದ ಪಾಸ್ ಆಟಗಳಲ್ಲಿ ಮುಕ್ಕಾಲು ಪಾಲಿಗೆ ಅವನು ರೂಟ್ (ಪಾಸ್ ಹಿಡಿಯಲು ಓಡುವ ದಾರಿ) ಓಡತೊಡಗಿದಾಗ ಆಡುವ ಬಳಗಕ್ಕೆ ಸೇರಿಸಿ.