ಗಡಿಕಲ್ಲಿನಿಂದ ಗೋಡೆಗೆ ಎಷ್ಟು ದೂರ? – ಮನೆ ಕಟ್ಟುವವರ ಪ್ರಶ್ನೋತ್ತರ

ಪ್ರಶ್ನೆ: ಕುಲಶೇಖರದಲ್ಲಿ ನಮ್ಮದು 5 ಸೆಂಟ್ಸ್ ಜಾಗ, 12 ಮೀಟರ್ ಅಗಲ, 17 ಮೀಟರ್ ಉದ್ದ. ಕೆಳಗಡೆಯೇ 1,400 ಚದರ ಅಡಿ ಬರುವಂತೆ ಪ್ಲಾನ್ ಮಾಡಿಸಿದ್ದೆವು. ಎಫ್‌ಎಆರ್ (ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಒಟ್ಟು ಕಟ್ಟಬಹುದು ಎಂಬ ಮಿತಿ) ಧಾರಾಳ ಇದೆ ಎಂದಿದ್ದರು ಕಂಟ್ರಾಕ್ಟರು. ಈಗ ರಸ್ತೆ ವಿಸ್ತರಣೆಗೆ ಒಂದೂವರೆ ಮೀಟರ್ ಬಿಡಬೇಕು, ಪ್ಲಾನ್ ಬದಲಿಸಿ ಎನ್ನುತ್ತಾರೆ. ಲೆಕ್ಕ ಎಲ್ಲಿ ತಪ್ಪಿತು?

ಉತ್ತರ: ಎರಡಂತಸ್ತಿನ ಮನೆಗೆ ಎಫ್‌ಎಆರ್ ಅಡ್ಡ ಬರುವುದು ಅಪರೂಪ. ಕೈ ಕಟ್ಟುವುದು ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಗೋಡೆಗೆ ಬಿಡಬೇಕಾದ ಜಾಗ. ಎಫ್‌ಎಆರ್ 1.5 ಎಂದಿಟ್ಟುಕೊಳ್ಳಿ, 204 ಚದರ ಮೀಟರ್ ಜಾಗದಲ್ಲಿ ಒಟ್ಟು 306 ಚದರ ಮೀಟರ್ ಕಟ್ಟಬಹುದು. ಆದರೆ ಮುಂದೆ 3 ಮೀಟರ್, ಉಳಿದ ಮೂರು ಕಡೆ ಒಂದೂವರೆ ಮೀಟರ್ ಬಿಟ್ಟರೆ ಸಿಗುವುದು 9 × 12.5, ಅಂದರೆ 112.5 ಚದರ ಮೀಟರ್. ಚದರ ಅಡಿಯಲ್ಲಿ ಹೇಳುವುದಾದರೆ ಸುಮಾರು 1,210. ನಿಮ್ಮ 1,400 ಅಲ್ಲಿಗೇ ಬಿದ್ದುಹೋಯಿತು. ಇನ್ನು ಮುಂದಿನ ಸೆಟ್‌ಬ್ಯಾಕ್ ಅಳೆಯುವುದು ವಿಸ್ತರಣೆಯ ನಂತರದ ರಸ್ತೆ ಅಂಚಿನಿಂದ, ಈಗಿನ ಗೇಟಿನಿಂದ ಅಲ್ಲ. ಹಾಗಾಗಿ ಉಳಿಯುವುದು 9 × 11, ಅಂದರೆ 99 ಚದರ ಮೀಟರ್. ಕಳೆದುಹೋದ ಹದಿಮೂರೂವರೆ ಚದರ ಮೀಟರ್ ಎಂದರೆ ಒಂದು ಬೆಡ್‌ರೂಮು.

ಇಲ್ಲಿ ಹಿಡಿದಿರುವ ಅಂಕಿಗಳು ಲೆಕ್ಕ ತೋರಿಸಲಿಕ್ಕೆ. ಜಾಗದ ಅಗಲ, ಉದ್ದ, ಕಟ್ಟಡದ ಎತ್ತರ ನೋಡಿಕೊಂಡು ಇವು ಬದಲಾಗುತ್ತವೆ. ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ವಲಯ ನಿಯಮಾವಳಿಯ ಕೋಷ್ಟಕದಲ್ಲಿ ನಿಮ್ಮ ಅಳತೆಗೆ ಯಾವ ಸಾಲು ಹೊಂದುತ್ತದೋ ಅದನ್ನೇ ಹಿಡಿಯಿರಿ. ಕ್ರಮ ಮಾತ್ರ ತಪ್ಪಬಾರದು. ಮೊದಲು ಸರ್ವೆ ನಂಬರ್ ಕೊಟ್ಟು ವಲಯ ದೃಢೀಕರಣ ಪತ್ರ ಪಡೆಯಿರಿ. ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಇದ್ದರೆ ವಸತಿ, ಹಸಿರಿದ್ದರೆ ಉದ್ಯಾನ, ಬಯಲು. ಮುಂದಿನ ರಸ್ತೆಯ ಉದ್ದೇಶಿತ ಅಗಲವೂ ಅದರಲ್ಲೇ ಇರುತ್ತದೆ. ಆಮೇಲೆ ಸರ್ವೆಯರ್ ಕರೆಸಿ ಗಡಿಕಲ್ಲು ಹುಡುಕಿಸಿ, ಟೇಪು ಹಿಡಿಯುವುದು ಆ ಕಲ್ಲಿನಿಂದಲೇ. ಕಾಂಪೌಂಡ್ ಗೋಡೆ ಗಡಿಯ ಮೇಲೆಯೇ ಕೂತಿದೆ ಎಂದು ನಂಬಿದವರಿಗೆ ಪಂಚಾಂಗ (ತಳಪಾಯ) ಮುಗಿದ ಮೇಲೆ ಅರ್ಧ ಅಡಿ ಕಡಿಮೆ ಬೀಳುತ್ತದೆ. ಕೆಂಪುಕಲ್ಲಿನ ಗೋಡೆಗೆ ಗಾರೆ ಹಾಕಿದ ಮೇಲೆ ದಪ್ಪ ಹೆಚ್ಚುವುದರಿಂದ ಪ್ರತಿ ಬದಿಗೆ 10 ಸೆಂಟಿಮೀಟರ್ ಹೆಚ್ಚೇ ಬಿಡಿ.

ಪ್ಲಾನ್ ತಿದ್ದುವಾಗ ಎಲ್ಲ ಕೋಣೆಗಳನ್ನೂ ಅರ್ಧರ್ಧ ಅಡಿ ಕುಗ್ಗಿಸಲು ಹೋಗಬೇಡಿ, ಯಾವ ಕೋಣೆಯೂ ನೆಟ್ಟಗಿರುವುದಿಲ್ಲ. ಒಂದು ಬೆಡ್‌ರೂಮನ್ನು ಇಡಿಯಾಗಿ ಮೇಲಕ್ಕೆ ಒಯ್ಯಿರಿ. ರಸ್ತೆಗೆ ಬಿಟ್ಟುಕೊಡುವ ಜಾಗಕ್ಕೆ ಟಿಡಿಆರ್ (ಬಿಟ್ಟ ಜಾಗದ ಬದಲಿಗೆ ಕೊಡುವ, ಬೇರೆಡೆ ಬಳಸಬಹುದಾದ ಕಟ್ಟುವ ಹಕ್ಕು) ಸಿಗುತ್ತದೆಯೇ ಎಂದು ಪಾಲಿಕೆಯಲ್ಲಿ ಬರಹದಲ್ಲೇ ಕೇಳಿ.

ಪ್ರಶ್ನೆ: ಹಿರಿಯಡ್ಕದ ಬಳಿ 10 ಸೆಂಟ್ಸ್, ಹೆಚ್ಚುಕಡಿಮೆ 20 × 20 ಮೀಟರ್. ಒಳಚರಂಡಿ ಇಲ್ಲ, ನೀರಿಗೆ ಬಾವಿಯೇ ಗತಿ. ಬಾವಿ ಈಶಾನ್ಯಕ್ಕೆ, ಸೆಪ್ಟಿಕ್ ಟ್ಯಾಂಕ್ ವಾಯವ್ಯಕ್ಕೆ ಎಂದು ವಾಸ್ತು ನೋಡಿದವರು ಹೇಳಿದ್ದಾರೆ. ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಟ್ಯಾಂಕ್ ಸೋರದಂತೆ ಕಟ್ಟಿದರೆ ಅದರ ಚಿಂತೆ ಕಡಿಮೆ, ಚಿಂತೆ ಟ್ಯಾಂಕಿನಿಂದ ಹೊರಬರುವ ನೀರು ನೆಲಕ್ಕಿಳಿಯುವ ಇಂಗುಗುಂಡಿಯದ್ದು. ಭಾರತೀಯ ಮಾನಕದ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರ ಇರಬೇಕು. ನಮ್ಮ ಮುರಕಲ್ಲು (ಕೆಂಪುಕಲ್ಲು) ತೂತುತೂತಾದದ್ದು, ಕೊಳೆನೀರು ಸೋಸಿಕೊಳ್ಳುವ ಮೊದಲೇ ಹರಿದುಬಿಡುತ್ತದೆ. ಇಲ್ಲಿ ಆ 18 ಮೀಟರಿನಲ್ಲಿ ಚೌಕಾಸಿ ಬೇಡ.

ಲೆಕ್ಕ ಹಾಕಿ ನೋಡಿ. ಬಾವಿ, ಗುಂಡಿ ಎರಡರ ನಡುಬಿಂದುವನ್ನೂ ಗಡಿಯಿಂದ 2 ಮೀಟರ್ ಒಳಗೆ ಇಟ್ಟರೆ, ಒಂದೇ ಬದಿಯ ಎರಡು ಮೂಲೆಗಳ ನಡುವೆ ಸಿಗುವುದು 16 ಮೀಟರ್. ಎರಡಕ್ಕೂ 1 ಮೀಟರ್ ತ್ರಿಜ್ಯ ಕಳೆದರೆ 14 ಮಾತ್ರ. ಕರ್ಣಕ್ಕೆ ಇಟ್ಟರೆ 22.6, ತ್ರಿಜ್ಯ ಕಳೆದು 20.6. ಅಂದರೆ ಬಾವಿ ಈಶಾನ್ಯಕ್ಕಿದ್ದರೆ ಗುಂಡಿ ನೈಋತ್ಯಕ್ಕೇ ಹೋಗಬೇಕು. ವಾಸ್ತು ಹೇಳುವವರು ಟೇಪು ತರುವುದಿಲ್ಲ, ಅದೇ ತೊಂದರೆ.

ಈ ಒಂದು ನಿಯಮವೇ ನಿಮ್ಮ ಮನೆಯ ಆಕಾರ ತೀರ್ಮಾನಿಸುತ್ತದೆ. ನೈಋತ್ಯ ಮೂಲೆಯಲ್ಲಿ ಎರಡೂ ಗಡಿಗಳಿಂದ 7 ಮೀಟರ್ ಒಳಕ್ಕೆ ಮನೆಯ ಮೂಲೆ ಬಂದರೆ ಗುಂಡಿಯ ಅಂಚಿಗೆ ಕರ್ಣದಲ್ಲಿ 6 ಮೀಟರ್ ಸಿಗುತ್ತದೆ. ಆದರೆ ಗೋಡೆಯೇ ಗುಂಡಿಯ ಎದುರಿಗೆ ಬರುವ ಕಡೆ 9 ಮೀಟರ್ ಒಳಕ್ಕೆ ಹೋಗಬೇಕಾಗುತ್ತದೆ. ಹೀಗಾಗಿ ಮನೆ ಆ ಮೂಲೆ ಬಿಟ್ಟು ಮಡಚಿಕೊಳ್ಳುತ್ತದೆ. ಬಿಟ್ಟ ಜಾಗ ಅಂಗಳವಾಗಲಿ. ಗುಂಡಿಯ ಮುಚ್ಚಳದ ಮೇಲೆ ಕಾರು ನಿಲ್ಲಿಸಬಾರದು. ಶೌಚಾಲಯಗಳೆಲ್ಲ ಆ ಮಗ್ಗುಲಿಗೇ ಇರಲಿ. ಪೈಪು ಉದ್ದವಾದಷ್ಟೂ ಇಳಿಜಾರು ಸಾಲದೆ ಕಟ್ಟಿಕೊಳ್ಳುತ್ತದೆ. ಪೈಪು ತಿರುಗುವಲ್ಲೆಲ್ಲ ಚೇಂಬರ್ ಬೇಕು. ಜುಲೈಯಲ್ಲಿ ನೆರೆಮನೆಯ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ ಎಂದು ಕೇಳಿ: ಗುಂಡಿಯ ತಳ ಅದಕ್ಕಿಂತ ಕೆಳಗಿದ್ದರೆ ಮಳೆಗಾಲದಲ್ಲಿ ಅದು ನೀರು ಕುಡಿಯುವುದಿಲ್ಲ. ನೆರೆಯವರ ಬಾವಿಗೂ 18 ಮೀಟರ್ ನಿಯಮ ಅನ್ವಯ, ಅದನ್ನೂ ನಕ್ಷೆಯಲ್ಲಿ ಗುರುತಿಸಿ.

ಪ್ರಶ್ನೆ: ಉದ್ಯಾವರ ಹೊಳೆ ಬದಿಯಲ್ಲಿ ಅಜ್ಜನ ಕಾಲದ ಹಂಚಿನ ಮನೆಯಿದೆ. ಕೆಡವಿ ಹೊಸದು ಕಟ್ಟಬಹುದೇ?

ಉತ್ತರ: ಕೆಡವುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಉಬ್ಬರವಿಳಿತ ಇರುವ ಹೊಳೆಗೆ 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯಂತೆ ಉಬ್ಬರದ ರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಪಟ್ಟಿ ನಿರ್ಬಂಧದೊಳಗೆ ಬರುತ್ತದೆ. ಅಳೆಯುವುದು ನಿಮಗೆ ಕಾಣುವ ನೀರಿನ ಅಂಚಿನಿಂದಲ್ಲ, ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಎಳೆದಿರುವ ರೇಖೆಯಿಂದ. ಗ್ರಾಮೀಣ ಪ್ರದೇಶವಾದರೆ ಆ ಪಟ್ಟಿಯಲ್ಲಿ ಹೊಸ ಮನೆಗೆ ಅವಕಾಶವಿಲ್ಲ; ಅಧಿಕೃತವಾಗಿ ಇರುವ ಮನೆಯನ್ನು ಅದೇ ತಳಪಾಯದ ವಿಸ್ತೀರ್ಣದೊಳಗೆ ದುರಸ್ತಿ ಮಾಡಬಹುದು, ಮರುಕಟ್ಟಬಹುದು. ಹಾಗಾಗಿ ಹಳೆಯ ಮನೆಯೇ ನಿಮ್ಮ ಆಸ್ತಿ. ಮನೆ ತೆರಿಗೆ ರಸೀದಿ, ಹಳೆಯ ವಿದ್ಯುತ್ ಬಿಲ್ಲು, ನಾಲ್ಕೂ ಬದಿಯ ಫೋಟೊ, ಎಂಜಿನಿಯರ್ ಸಹಿ ಮಾಡಿದ ತಳಪಾಯದ ಅಳತೆ ಇಷ್ಟನ್ನೂ ಕಡತಕ್ಕೆ ಸೇರಿಸದೆ ಒಂದು ಹಂಚೂ ಇಳಿಸಬೇಡಿ. ಜಾಗದ ಹಿಂಭಾಗ ಆ ಪಟ್ಟಿಯಿಂದ ಆಚೆಗಿದ್ದರೆ ಹೊಸ ಮನೆ ಅಲ್ಲಿಗೆ ಸರಿಸುವುದು ಎಲ್ಲಕ್ಕಿಂತ ಸುಲಭ.

ಪ್ರಶ್ನೆ: ಸೋರುತ್ತದೆಂದು ಟೆರೇಸಿನ ಮೇಲೆ ಶೀಟ್ ಮಾಡು (ಛಾವಣಿ) ಹಾಕಿಸಬೇಕೆಂದಿದ್ದೇವೆ. ಅದಕ್ಕೂ ನಿಯಮ ಇದೆಯೇ?

ಉತ್ತರ: ನಾಲ್ಕೂ ಕಡೆ ತೆರೆದಿರಲಿ, ಮೊದಲೇ ನಕ್ಷೆಯಲ್ಲಿ ತೋರಿಸಿ. ಸುತ್ತ ಗೋಡೆ ಎದ್ದರೆ ಅದು ಇನ್ನೊಂದು ಅಂತಸ್ತು, ಎಫ್‌ಎಆರ್‌ಗೂ ಎತ್ತರಕ್ಕೂ ಲೆಕ್ಕ. ಮಾಡಿನ ಅಂಚು ಸೆಟ್‌ಬ್ಯಾಕಿನೊಳಗೆ ಮುಕ್ಕಾಲು ಮೀಟರಿಗಿಂತ ಹೆಚ್ಚು ಚಾಚದಿರಲಿ. ನೀರು ನೆರೆಯವರ ಅಂಗಳಕ್ಕೆ ಬಿದ್ದರೆ ದೂರು ಖಚಿತ. ಮಾಡಿನ ಅಂಚಿಗೆ ನೀರು ಹಿಡಿಯುವ ದೋಣಿ ಕೊಟ್ಟು ಪೈಪಿನಲ್ಲಿ ಇಳಿಸಿ. ಗಂಟೆಗೆ 100 ಮಿಲಿಮೀಟರ್ ಮಳೆಗೆ 100 ಮಿಲಿಮೀಟರಿನ ಒಂದು ಪೈಪು ಸುಮಾರು 42 ಚದರ ಮೀಟರ್ ಮಾಡಿನ ನೀರನ್ನಷ್ಟೇ ಎಳೆಯಬಲ್ಲದು. 100 ಚದರ ಮೀಟರ್ ಮಾಡಿಗೆ ಮೂರು ಪೈಪು ಬೇಕು, ಮಾಡು ಹಾಕುವವರು ಸಾಮಾನ್ಯವಾಗಿ ಎರಡೇ ಕೊಡುತ್ತಾರೆ.